ಕೆಡದ ರೇಡಿಯೋ

ಕಲ್ಲೂರು, ಸಿಂಧನೂರು ತಾಲೂಕು
18 ಜುಲೈ 1966

ಹಟ್ಟಿಯಲ್ಲಿರುವ ಗ್ಯಾನಪ್ಪಣ್ಣನಿಗೆ ತಂಗಿ ಗಿರಿಯಮ್ಮ ಕೈಮುಗಿದು ಬರೆಯುವುದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ರೇಡಿಯೋ ಒಂದನ್ನು ಬಿಟ್ಟು.

ಮದುವೆಯಲ್ಲಿ ನೀನು ಕೊಟ್ಟ ಆ ರೇಡಿಯೋ ಎರಡು ವರ್ಷ ಗಂಟಲು ಹರಿಯುವ ಹಾಗೆ ಹಾಡಿತು. ಹೋದ ವಾರ ಗೊರಗೊರ ಎಂದು ಕೆಮ್ಮಿ ಸುಮ್ಮನಾಯಿತು. ಇವರು ಅದರ ನೆತ್ತಿಯ ಮೇಲೆ ಎರಡು ಏಟು ಹಾಕಿದರು. ನಾನು ಬ್ಯಾಟರಿಯನ್ನು ಬಿಸಿಲಿಗಿಟ್ಟು ನೋಡಿದೆ. ಯಾವುದಕ್ಕೂ ಅದು ಬಾಯಿ ಬಿಡಲಿಲ್ಲ. ನಿಮ್ಮ ಗಣಿಯ ಎಲೆಕ್ಟ್ರಿಶಿಯನ್ ಬುಡ್ಡೇಸಾಬರು ಹೇಳಿಕೊಟ್ಟಿದ್ದರಲ್ಲ, ಅರ್ಥ್ ತಂತಿ ಹೂತ ಜಾಗ ಹಸಿಯಾಗಿದ್ದರೆ ದನಿ ಸ್ವಚ್ಛ ಬರುತ್ತದೆ ಎಂದು? ಹಿತ್ತಲಲ್ಲಿ ಆ ಜಾಗಕ್ಕೆ ದಿನವೂ ಮುಂಜಾನೆ ಒಂದು ಚೊಂಬು ನೀರು ಹಾಕುತ್ತೇನೆ. ನನ್ನ ಕಡೆಯಿಂದ ತಪ್ಪಾಗಿಲ್ಲ.

ಪಂಚಮಿಗೆ ಕರೆಯಲು ಬರುತ್ತೇನೆಂದು ನೀನು ಬರೆದಿದ್ದೆ. ಬರಬೇಡ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಭತ್ತದ ನಾಟಿ ನಡೆದಿದೆ. ಜೋಳ ಬೆಳೆಯುವಾಗ ಶ್ರಾವಣವೆಂದರೆ ಜೋಕಾಲಿ, ಉಂಡಿ, ತವರು. ಈಗ ಮೊಣಕಾಲುದ್ದ ಕೆಸರು. ನಾನು ಕೇಳಿದ್ದಕ್ಕೆ ಅತ್ತೆಯವರು, "ನೀರು ಪಂಚಮಿ ಕೇಳತೈತೇನು? ಸೊಸಿ ಜೋಕಾಲಿ ಆಡಾಕ ಹೋದ್ರ ಸಸಿ ಯಾರು ಹಚ್ಚಬೇಕು?" ಎಂದರು.

ಆದರೆ ರೇಡಿಯೋ ವಿಷಯಕ್ಕೆ ಅವರದು ಬೇರೆ ಕಾಯಿದೆ. "ತವರಿನ ವಸ್ತು ಕೆಟ್ರ ತವರ ರಿಪೇರಿ ಮಾಡಿಸಬೇಕು. ನಾವ್ಯಾಕ ಮೈಮ್ಯಾಲ ಹಾಕ್ಕೋಬೇಕು? ಒಯ್ಯಿ, ಮಾಡಿಸ್ಕೊಂಡು ಬಾ" ಎಂದರು. ಇವರಿಗೂ ಸಂಜೆ ರೈತರ ಕಾರ್ಯಕ್ರಮ ಕೇಳದೆ ಊಟ ಇಳಿಯುವುದಿಲ್ಲ. ಹಾಗಾಗಿ ಪಂಚಮಿಗೆ ಸಿಗದ ಆಳು ರೇಡಿಯೋಗೆ ಸಿಕ್ಕಿದೆ. ಸೋಮವಾರ ಹೊರಡುತ್ತೇನೆ.

ಅವ್ವನಿಗೆ ಹೇಳು. ಬೇಡ, ಹೇಳಬೇಡ. ಬಾಗಿಲಲ್ಲಿ ನಿಂತು ನಾನೇ ಕೂಗುತ್ತೇನೆ.

ಈ ಪತ್ರವನ್ನು ಇವರು ಅತ್ತೆಯವರಿಗೆ ಓದಿ ಹೇಳಿ ಅಂಟಿಸುತ್ತಾರೆ. ಇಬ್ಬರ ನಮಸ್ಕಾರವೂ ಇದರಲ್ಲೇ ಇದೆ.

ಗಿರಿಯಮ್ಮ


ಹಟ್ಟಿ
9 ಆಗಸ್ಟ್ 1966

ತಂಗಿ ಗಿರಿಯಮ್ಮನಿಗೆ ಗ್ಯಾನಪ್ಪನ ಆಶೀರ್ವಾದ. ಬಸ್ಸಪ್ಪನವರಿಗೂ ಅವರ ತಾಯಿ ತಿಮ್ಮವ್ವನವರಿಗೂ ನನ್ನ ಶರಣು ತಿಳಿಸು.

ನೀನು ಊರು ಮುಟ್ಟಿದ ಸುದ್ದಿ ತಿಳಿಯಿತು. ರೇಡಿಯೋ ದಾರಿಯಲ್ಲಿ ಅಲುಗಾಡಿ ಮತ್ತೆ ಕೆಟ್ಟಿಲ್ಲ ತಾನೆ? ಒಳಗೊಂದು ವಾಲ್ವ್ ಸಡಿಲಾಗಿತ್ತಂತೆ, ಅಷ್ಟೆ. ಬುಡ್ಡೇಸಾಬರು ಚಹಾ ಆರುವುದರೊಳಗೆ ಸರಿಮಾಡಿಬಿಟ್ಟರು. ಮರುದಿನವೇ ನಿನ್ನನ್ನು ಬಸ್ಸಿಗೆ ಹತ್ತಿಸಬಹುದಿತ್ತು. ನೀನು ಮೂರು ದಿನ ಇದ್ದೆ, ನನಗೆ ಎರಡನೇ ಪಾಳಿ, ನಿನ್ನ ಜೊತೆ ಕೂತು ಒಂದು ತುತ್ತು ಉಣ್ಣಲೂ ಆಗಲಿಲ್ಲ.

ಒಂದು ಮಾತು ಮನಸ್ಸಿಗೆ ಹತ್ತಿದೆ. ಲಿಂಗಸುಗೂರಿನಲ್ಲಿ ನಿನ್ನನ್ನು ಬಸ್ಸಿನಲ್ಲಿ ಕೂರಿಸುವಾಗ, ಆ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಸೆರಗು ಮುಚ್ಚಿಕೊಂಡು ಕೂತಿದ್ದೆ. ಮಸ್ಕಿ ದಾಟಿ ಸಿಂಧನೂರಿನವರೆಗೆ ಅದೇ ದೂಳು, ಅದೇ ಕುಲುಕಾಟ. ಕೊಡುವುದು ಕೊಟ್ಟೆ, ಗಟ್ಟಿಯಾದದ್ದು ಕೊಡಬಾರದಿತ್ತೆ? ನನ್ನ ದೆಸೆಯಿಂದ ನಿನಗೆ ಅತ್ತೆಯ ಮನೆಯಲ್ಲಿ ಮಾತು ಕೇಳುವ ಹಾಗಾಯಿತು.

ನೀನು ಹೋದ ಮೇಲೆ ಅವ್ವ ಎರಡು ದಿನ ನಿನ್ನ ತಟ್ಟೆಯನ್ನೂ ಹಾಕಿದಳು. ವಯಸ್ಸಾಯಿತು, ಮರೆಯುತ್ತಾಳೆ. ನಾನು ಪಾಳಿಗೆ ಹೋದರೆ ಕಂಪನಿ ಮನೆಯಲ್ಲಿ ಅವಳೊಬ್ಬಳೇ.

ಗ್ಯಾನಪ್ಪ


ಕಲ್ಲೂರು
2 ಮಾರ್ಚ್ 1968

ಅಣ್ಣಾ,

ನಮ್ಮ ಮನೆಗೆ ಕರೆಂಟು ಬಂತು, ಮನೆಯಿಂದ ರೇಡಿಯೋ ಹೋಯಿತು. ಎರಡೂ ಒಂದೇ ದಿನ.

ಕೇಳು. ದೀಪ ಹತ್ತಿದ ಖುಷಿಗೆ ಇವರಿಗೆ ಕೈ ಸುಮ್ಮನಿರಲಿಲ್ಲ. "ಇನ್ನ ಬ್ಯಾಟರಿ ಯಾಕ ಬೇಕು? ಕರೆಂಟು ಕರೆಂಟ ಅಲ್ಲೇನು?" ಎಂದು ಬ್ಯಾಟರಿಯ ತಂತಿ ಕಿತ್ತು, ಅದೇ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರು. ಬೆಕ್ಕು ಚೀರಿದ ಹಾಗೆ ಒಂದು ಸದ್ದು, ಅದರ ಬೆನ್ನಿಗೇ ಹೊಗೆ. ಇಡೀ ಓಣಿ ಕತ್ತಲಾಯಿತು. ಓಣಿಯವರೆಲ್ಲ ಬಂದು ಇವರ ಮುಖ ನೋಡಿದರು. ಇವರು ಮುಂದಿನ ಮೂರು ದಿನ ಹೊಲದ ಗುಡಿಸಲಲ್ಲೇ ಉಂಡರು. (ಇದನ್ನು ಓದುವಾಗ ಇವರು ಸಿಟ್ಟಾಗಲಿಕ್ಕಿಲ್ಲ, ನಕ್ಕು ಅಂಟಿಸಿಯಾರು.)

ಅತ್ತೆಯವರು ಮಗನನ್ನು ಬೈದರು, ಆದರೆ ಕಾಯಿದೆ ಬದಲಿಸಲಿಲ್ಲ. "ಸುಟ್ಟವ ನನ್ನ ಮಗ ಇರಬಹುದು. ವಸ್ತು ತವರಿಂದು. ಒಯ್ಯಿ" ಎಂದರು.

ಇನ್ನೊಂದು ಬರೆಯಬೇಕು. ಈ ಕರೆಂಟು ಹೊಸಪೇಟೆಯ ಡ್ಯಾಮಿನಿಂದ ಬರುತ್ತದೆ ಎಂದು ಲೈನ್‌ಮನ್ ಹೇಳಿದಾಗ ಅತ್ತೆಯವರು ದೀಪವನ್ನು ಬಹಳ ಹೊತ್ತು ನೋಡಿದರು. ಅವರ ತವರೂರು ಆ ಡ್ಯಾಮಿನ ನೀರಿನಲ್ಲಿ ಮುಳುಗಿದೆ, ನಿನಗೆ ಗೊತ್ತಲ್ಲ. "ಹಂಗಾರ ಇದೂ ನಮ್ಮೂರಿಂದ ಬಂದೈತಿ" ಎಂದರು, ಅಷ್ಟೆ. ಕಾಲುವೆಗೆ ನೀರು ಬಂದಾಗಲೂ ಹೀಗೇ ಅನ್ನುತ್ತಾರೆ. ಎದ್ದು ಹೋಗಿ ದನಗಳಿಗೆ ಮೇವು ಹಾಕಿದರು.

ಬುಧವಾರ ಬರುತ್ತೇನೆ, ಮಗಳನ್ನೂ ಕರೆದುಕೊಂಡು. ಬುಡ್ಡೇಸಾಬರಿಗೆ ಅವಸರ ಮಾಡಬೇಡ. ಪಾಪ, ಅವರಿಗೆ ಗಣಿಯ ಕೆಲಸವೇ ಹಾಸಿ ಹೊದೆಯುವಷ್ಟಿದೆ. ಸಾವಕಾಶ ನೋಡಲಿ.

ಗಿರಿಯಮ್ಮ


ಹಟ್ಟಿ
3 ನವೆಂಬರ್ 1968

ತಂಗಿ ಗಿರಿಯಮ್ಮನಿಗೆ,

ಈ ಪತ್ರದ ಜೊತೆ ಬಳೆಗಾರ್ತಿ ಚಾಂದ್‌ಬೀ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಬಳೆ ಮಾರುತ್ತ ನಿಮ್ಮ ಕಡೆಗೆ ಹೊರಟಿದ್ದಳು, ನಂಬಿಗಸ್ಥಳು. ಮೊದಲು ಪೊಟ್ಟಣ ಬಿಚ್ಚು, ಆಮೇಲೆ ಓದು.

ಬಿಚ್ಚಿದೆಯಾ? ಟ್ರಾನ್ಸಿಸ್ಟರ್! ವಾಲ್ವಿಲ್ಲ, ಏರಿಯಲ್ ಕಟ್ಟಲು ಬಿದಿರು ಬೇಡ, ಅರ್ಥ್ ತಂತಿಗೆ ನೀರು ಹಾಕುವ ರಗಳೆಯೂ ಇಲ್ಲ. ಟಾರ್ಚಿನ ಸೆಲ್ಲು ಹಾಕಿದರೆ ಸಾಕು. ಹೊಲಕ್ಕೂ ಒಯ್ಯಬಹುದು. ಬಸ್ಸಪ್ಪನವರಿಗೆ ಹೇಳು, ಇದನ್ನು ಗೋಡೆಗೆ ಚುಚ್ಚಬಾರದು.

ಅಂಗಡಿಯವನನ್ನು ಒಂದೇ ಮಾತು ಕೇಳಿದೆ: "ಇದು ಕೆಡತೈತೇನು?" ಅವನು ಅಂದ, "ಇದನ್ನ ತಗೊಂಡವ ಮತ್ತ ನನ್ನ ಅಂಗಡಿ ಮೆಟ್ಟಿಲು ಹತ್ತಾಂಗಿಲ್ಲ." ಅಲ್ಲಿಗೆ ನಿಶ್ಚಯ ಮಾಡಿದೆ. ಮೊನ್ನೆ ಮಾರ್ಚಿನಲ್ಲಿ ಕೂಸನ್ನು ಒಂದು ಬಗಲಲ್ಲಿ, ಸುಟ್ಟ ರೇಡಿಯೋವನ್ನು ಇನ್ನೊಂದು ಬಗಲಲ್ಲಿ ಇಟ್ಟುಕೊಂಡು ನೀನು ಬಂದದ್ದನ್ನು ನೋಡಿದ ಮೇಲೆ, ಇನ್ನು ನನ್ನ ತಂಗಿ ಹೀಗೆ ಅಲೆಯಬಾರದು ಅಂದುಕೊಂಡಿದ್ದೆ. ಆ ಹಳೆಯ ಪೆಟ್ಟಿಗೆ ಬುಡ್ಡೇಸಾಬರ ಕೈಯಲ್ಲೂ ಅರೆಬರೆ ಜೀವವಷ್ಟೇ ಪಡೆಯಿತಲ್ಲ.

ಈ ವರ್ಷವೆಲ್ಲ ಭಾನುವಾರದ ಪಾಳಿಯನ್ನೂ ಮಾಡಿದ್ದು ಇದಕ್ಕೇ. ಇನ್ನು ನಿಶ್ಚಿಂತೆಯಿಂದಿರು.

ಅವ್ವನಿಗೆ ತೋರಿಸಿದೆ. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಇದು ಕೆಡಾಂಗಿಲ್ಲೇನು?" ಎಂದಳು. ಇಲ್ಲವೆಂದೆ. ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಖರ್ಚು ಮಾಡಿದೆನೆಂದು ಅವಳಿಗೆ ಬೇಸರ, ಗೊತ್ತಲ್ಲ ಅವಳ ಕೈಬಿಗಿ.

ಗ್ಯಾನಪ್ಪ


ಕಲ್ಲೂರು
1 ಡಿಸೆಂಬರ್ 1968

ಅಣ್ಣನಿಗೆ,

ಟ್ರಾನ್ಸಿಸ್ಟರ್ ಮುಟ್ಟಿತು. ಚೆನ್ನಾಗಿ ಹಾಡುತ್ತದೆ. ಇವರು ಕೊರಳಿಗೆ ಹಾಕಿಕೊಂಡು ಗದ್ದೆಗೆ ಹೋಗುತ್ತಾರೆ. ನಿನ್ನ ಹೆಸರು ಊರೆಲ್ಲ ಆಗಿದೆ.

ಹಳೆಯ ರೇಡಿಯೋ ಮೂಲೆಯಲ್ಲಿದೆ. ರಾತ್ರಿ ಹೊಸದನ್ನು ಅದರ ಮೇಲೆಯೇ ಇಡುತ್ತಾರೆ. ಭತ್ತದ ಕೊಯ್ಲು ನಡೆದಿದೆ, ಹೆಚ್ಚು ಬರೆಯಲು ಪುರಸೊತ್ತಿಲ್ಲ.

ಗಿರಿಯಮ್ಮ


ಹಟ್ಟಿ
20 ಆಗಸ್ಟ್ 1969

ತಂಗಿ,

ಯುಗಾದಿಗೆ ಬರೆದೆ, ಪಂಚಮಿಗೆ ಬರೆದೆ. ಉತ್ತರವಿಲ್ಲ. ಬಸ್ಸಪ್ಪನವರು ಒಂದು ಕಾರ್ಡಿನಲ್ಲಿ "ಎಲ್ಲ ಕ್ಷೇಮ, ಸೆಟ್ಟು ಚಲೋ ನಡೆದಿದೆ" ಎಂದು ಬರೆದಿದ್ದರು. ಸೆಟ್ಟಿನ ಸುದ್ದಿ ತಿಳಿಯಿತು. ನಿನ್ನ ಸುದ್ದಿ ನೀನು ಬರೆಯಬೇಕಲ್ಲ? ಮೊದಲು ಪುಟಗಟ್ಟಲೆ ಬರೆದು ನಗಿಸುತ್ತಿದ್ದವಳು.

ಅವ್ವ ಆರಾಮವಾಗಿದ್ದಾಳೆ. ಆಗಾಗ ನಿನ್ನ ನೆನಪು ಮಾಡುತ್ತಾಳೆ.

ಗ್ಯಾನಪ್ಪ


ಕಲ್ಲೂರು
14 ಜನವರಿ 1970

ಅಣ್ಣಾ,

ಸಿಟ್ಟಾಗಬೇಡ. ಮೊದಲಾದರೆ ಬರೆಯಲು ಏನಾದರೂ ಕೆಡುತ್ತಿತ್ತು. ಈಗ ಎಲ್ಲ ಸರಿಯಾಗಿದೆ, ಏನು ಬರೆಯಲಿ?

ಆಂಧ್ರದಿಂದ ಬಂದವರನ್ನು ನೋಡಿ ಇವರೂ ಬೇಸಿಗೆಗೆ ಎರಡನೇ ಭತ್ತ ಹಾಕುತ್ತಿದ್ದಾರೆ. ಒಂದರ ಕಳೆ ಮುಗಿಯುವಷ್ಟರಲ್ಲಿ ಇನ್ನೊಂದರ ಸಸಿ. ವರ್ಷಪೂರ್ತಿ ಕಾಲಿನ ಬೆರಳ ಸಂದಿ ಒಣಗುವುದಿಲ್ಲ.

ಹಿತ್ತಲಲ್ಲಿ ಅರ್ಥ್ ತಂತಿ ಹಾಗೇ ಇದೆ. ನಾನು ಮುಂಜಾನೆ ಎದ್ದು ಒಂದು ಚೊಂಬು ನೀರು ಹಾಕುತ್ತೇನೆ, ಕೈಗೆ ರೂಢಿಯಾಗಿದೆ. ಮೊನ್ನೆ ಅತ್ತೆಯವರು ನೋಡಿ, "ಆ ರೇಡಿಯೋ ಸತ್ತು ವರ್ಷಾತು. ಇನ್ನ ಯಾರಿಗೆ ನೀರು ಬಿಡಾಕತ್ತಿ?" ಎಂದರು.

ಹೋದ ತಿಂಗಳು ಟ್ರಾನ್ಸಿಸ್ಟರ್ ನನ್ನ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಎತ್ತಿ ನೋಡಿದೆ, ಹಾಡುತ್ತಲೇ ಇತ್ತು. ಆಮೇಲೆ ಒಂದು ದಿನ ಕಾಲುವೆಯ ಮೆಟ್ಟಿಲ ಮೇಲೆ ಮರೆತು ಬಂದೆ, ನೀರು ತಾಗಿತ್ತು. ಇವರು ಬಿಸಿಲಿಗಿಟ್ಟರು. ಸಂಜೆಯ ಹೊತ್ತಿಗೆ ಮತ್ತೆ ಹಾಡಿತು.

ಗಟ್ಟಿ ವಸ್ತು ಕೊಟ್ಟಿದ್ದೀ, ಅಣ್ಣ.

ಗಿರಿಯಮ್ಮ


ಹಟ್ಟಿ
30 ಜನವರಿ 1970

ತಂಗಿ,

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಕಲ್ಲಿಗೆ ಬಿದ್ದರೂ ಕೆಡಲಿಲ್ಲ, ನೀರಿಗೆ ಬಿದ್ದರೂ ಕೆಡಲಿಲ್ಲ! ಬುಡ್ಡೇಸಾಬರಿಗೆ ಓದಿ ಹೇಳಿದೆ. "ಕಂಪನಿ ಮಾಲು ಅಂದ್ರ ಇದು" ಎಂದರು. ನೀನು ಮಾತ್ರ ಸ್ವಲ್ಪ ಜೋಪಾನ ಮಾಡು. ಮೊದಲು ಇಷ್ಟು ಮರೆಗುಳಿಯಾಗಿರಲಿಲ್ಲ.

ಗ್ಯಾನಪ್ಪ


ಹಟ್ಟಿ
10 ಜುಲೈ 1970

ಗಿರಿಯಾ,

ಇದು ಅಂಚೆಯಲ್ಲಿ ಬಂದ ಪತ್ರವಲ್ಲ. ಚಾಂದ್‌ಬೀ ನಿನಗೆ ಬಳೆ ಇಡುವಾಗ ಕೈಯೊಳಗೆ ಇಡುತ್ತೇನೆ ಎಂದಿದ್ದಾಳೆ. ಒಬ್ಬಳೇ ಓದು, ಓದಿ ಒಲೆಗೆ ಹಾಕು.

ಮೊದಲು ಅವ್ವನ ಸುದ್ದಿ. ಅವಳ ಕಣ್ಣಿಗೆ ಪೊರೆ ಬಂದು ಒಂದೂವರೆ ವರ್ಷವಾಯಿತು. ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ಬಾಗಿಲ ಬೆಳಕು ಕಾಣುತ್ತದೆ, ಬಂದವರ ಮುಖ ಹತ್ತಿರ ಹಿಡಿದರೆ ಕಾಣುತ್ತದೆ. ರಾಯಚೂರಿನ ಡಾಕ್ಟರು, ಸಕ್ಕರೆ ಕಾಯಿಲೆ ಇದೆ, ಆಪರೇಷನ್ ಮಾಡಿದರೂ ಭರವಸೆಯಿಲ್ಲ ಎಂದರು. ನಿನಗೆ ಬರೆಯಬಾರದೆಂದು ಅವಳೇ ನನ್ನ ಮೇಲೆ ಆಣೆ ಇಟ್ಟಿದ್ದಳು. "ಆಕಿ ಹೊಲ ಬಿಟ್ಟು ಓಡಿ ಬಂದಾಳು. ಬಂದ್ರ ಅತ್ತಿ ಮನಿಯಾಗ ಮಾತು ಕೇಳಬೇಕಾಗತೈತಿ. ಬ್ಯಾಡ" ಎಂದಳು. ನಾನು ಒಪ್ಪಿಕೊಂಡೆ.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ನಿನ್ನೆ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ನನ್ನ ಸಪ್ಪಳ ಕೇಳಿ, ಉಂಡಿಯಾ ಎಂದು ಕೇಳುವ ದನಿಯಲ್ಲೇ ಕೇಳಿದಳು:

"ಯಪ್ಪಾ, ಆ ರೇಡಿಯೋ ಇನ್ನೂ ಕೆಟ್ಟಿಲ್ಲೇನು?"

"ಇಲ್ಲಬೇ ಅವ್ವ. ಯಾಕ?"

"ಆಕಿ ಬಂದು ಎರಡು ಪಂಚಮಿ ಆದ್ವಲ್ಲ. ಒಮ್ಮೆರ ಕೆಟ್ಟಿದ್ರ ಕಣ್ಣಿರೋದ್ರಾಗ ಆಕಿನ್ನ ನೋಡತಿದ್ದೆ."

ನಾನು ಕೈಯಲ್ಲಿ ಒಂದು ಬೂಟು ಹಿಡಿದು ಹಾಗೇ ಕೂತುಬಿಟ್ಟೆ. ನೀನು ಬರೆದದ್ದೆಲ್ಲ ಒಂದರ ಹಿಂದೊಂದು ನೆನಪಾಯಿತು. ಬುಡ್ಡೇಸಾಬರಿಗೆ ಅವಸರ ಮಾಡಬೇಡ ಎಂದದ್ದು. ಕಲ್ಲಿನ ಮೇಲೆ ಬಿದ್ದದ್ದು. ಕಾಲುವೆಯ ಮೆಟ್ಟಿಲು. ಎರಡು ಸಲ ಕೆಟ್ಟಿತ್ತು ಆ ಹಳೆಯ ಪೆಟ್ಟಿಗೆ, ಎರಡೂ ಸಲ ನೀನು ಬಂದಿದ್ದೆ. ನಾನು ವರ್ಷವೆಲ್ಲ ಭಾನುವಾರವೂ ದುಡಿದು ನಿನ್ನ ದಾರಿಗೆ ಬೇಲಿ ಹಾಕಿದೆ. ಹಾಕಿ, ಗಟ್ಟಿಯಾಗಿದೆಯೇ ಎಂದು ಬೇರೆ ಕೇಳಿದೆ.

ನಾಲ್ಕು ದಿನ ಬಿಟ್ಟು ಅಂಚೆಯಲ್ಲಿ ಇನ್ನೊಂದು ಪತ್ರ ಬರುತ್ತದೆ, ಬಸ್ಸಪ್ಪನವರ ಹೆಸರಿಗೆ. ಟ್ರಾನ್ಸಿಸ್ಟರಿನಲ್ಲಿ ಒಂದು ದೋಷವಿದೆ, ಕೂಡಲೇ ಹಟ್ಟಿಗೆ ತರಬೇಕು ಎಂದು ಬರೆಯುತ್ತೇನೆ. ಎಲ್ಲ ಸುಳ್ಳು. ನೀನು ಗಾಬರಿಯಾಗಬೇಡ, ನಗಲೂ ಬೇಡ.

ಅದು ಹೇಗಾದರೂ ಕೆಡಬೇಕು, ಗಿರಿಯಾ. ಬೇಗ ಕೆಡಬೇಕು.

ನಿನ್ನ ಅಣ್ಣ


ಕಲ್ಲೂರು
22 ಜುಲೈ 1970

ಅಣ್ಣಾ,

ಚಾಂದ್‌ಬೀ ಇವತ್ತು ಸಿಂಧನೂರು ಬಿಡುತ್ತಾಳಂತೆ. ಅವಳ ಕೈಯಲ್ಲೇ ಕೊಡುತ್ತಿದ್ದೇನೆ, ಇದನ್ನು ಯಾರಿಗೂ ಓದಿ ಹೇಳಿಲ್ಲ.

ಅವ್ವನ ಸುದ್ದಿ ಓದಿ ಕೊಟ್ಟಿಗೆಯಲ್ಲಿ ಕೂತು ಅತ್ತೆ. ಸೆಗಣಿ ಬಳಿಯುತ್ತ ಅತ್ತರೆ ಯಾರೂ ಕೇಳುವುದಿಲ್ಲ. ನಿನ್ನ ಮೇಲೂ ಸಿಟ್ಟು ಬಂತು, ಅವ್ವನ ಮೇಲೂ ಬಂತು. ನೀವಿಬ್ಬರೂ ನನಗೆ ಕಷ್ಟವಾಗಬಾರದೆಂದು ಹೇಳದೆ ಉಳಿದಿರಿ. ನಾನು ನಿಮಗೆ ಕಷ್ಟವಾಗಬಾರದೆಂದು ಚೆನ್ನಾಗಿದ್ದೇನೆ ಎಂದು ಬರೆದೆ. ಚೆನ್ನಾಗಿರಲಿಲ್ಲ ಅಣ್ಣ. ಈ ಮನೆಯಲ್ಲಿ ಯಾರೂ ನನ್ನನ್ನು ಹೊಡೆಯುವುದಿಲ್ಲ, ಉಪವಾಸ ಕೆಡವುವುದಿಲ್ಲ. ಆದರೆ ಗಿರಿಯಾ ಎಂದು ಕರೆಯುವವರು ಇಲ್ಲಿ ಯಾರೂ ಇಲ್ಲ. ಆ ಹೆಸರು ಕೇಳಲು ನನಗೆ ಎರಡು ಬಸ್ಸು ಬೇಕು.

ನಿನ್ನ ಅಂಚೆಯ ಪತ್ರ ಶನಿವಾರ ಬಂತು. ಇವರು ಎಲ್ಲರೆದುರು ಓದಿದರು. ಒಳಗಿನ ಚಕ್ರಕ್ಕೆ ಎಣ್ಣೆ ಬಿಡದಿದ್ದರೆ ಸೆಟ್ಟು ಕೆಡುತ್ತದೆ ಎಂದು ಬರೆದಿದ್ದೀಯಲ್ಲ, ಸುಳ್ಳು ಹೇಳುವುದಕ್ಕೂ ಬುಡ್ಡೇಸಾಬರನ್ನು ಕೇಳಬಾರದಿತ್ತೆ? ಇವರು ಬಿದ್ದು ಬಿದ್ದು ನಕ್ಕರು. "ಇದೇನು ಬಂಡಿ ಗಾಲಿ ಏನು ಎಣ್ಣಿ ಬಿಡಾಕ? ನಿಮ್ಮಣ್ಣಗ ತಲಿ ಕೆಟ್ಟೈತಿ. ಹಾಡಾಕತ್ತೈತಿ ನೋಡು" ಎಂದು ತಿರುವಿದರು. ಅದು ಹಾಡಿತು. ಹಾಡಿದರೆ ಮುಗಿಯಿತಲ್ಲ. ಅದೂ ಅಲ್ಲದೆ ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ರೇಡಿಯೋ ರಿಪೇರಿ ಅಂಗಡಿ ತೆರೆದಿದೆ. ಕೆಟ್ಟರೂ ಇನ್ನು ಹಟ್ಟಿ ಬೇಕಿಲ್ಲ ಎಂದರು. ನಾನು ಪಾತ್ರೆ ತಿಕ್ಕಲು ಹೋದೆ. ಅತ್ತೆಯವರು ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದರು.

ಸೋಮವಾರ ಮುಂಜಾನೆ ಇವರು ಎದ್ದು ತಿರುವಿದರೆ ಟ್ರಾನ್ಸಿಸ್ಟರ್ ಉಸಿರಿಲ್ಲ. ಹಿಂದಿನ ಸಂತೆಯಲ್ಲೇ ಹೊಸ ಸೆಲ್ಲು ತಂದಿದ್ದರು, ಹಾಗಾಗಿ ಸೆಲ್ಲಿನ ಅನುಮಾನ ಇವರಿಗೆ ಬರಲೇ ಇಲ್ಲ. ನೆತ್ತಿಯ ಮೇಲೆ ಏಟು ಹಾಕಿದರು. ಅಲುಗಾಡಿಸಿದರು. "ಇದರೌವ್ನ, ನಿಮ್ಮಣ್ಣ ಹೇಳಿದ್ದು ಖರೇ ಆತಲ್ಲ" ಎಂದು ನನ್ನ ಮುಖ ನೋಡಿದರು. ಆಣೆ ಮಾಡಿ ಹೇಳುತ್ತೇನೆ ಅಣ್ಣ, ನಾನು ಅದನ್ನು ಮುಟ್ಟಿರಲಿಲ್ಲ.

"ಗುರುವಾರ ಸಿಂಧನೂರಿನ ಅಂಗಡಿಗೆ ಒಯ್ತೀನಿ" ಎಂದರು.

"ಯಾಕ ಒಯ್ಯತಿ?" ಅತ್ತೆಯವರು ಕಟ್ಟೆಯಿಂದಲೇ ಕೇಳಿದರು. "ತವರಿನ ವಸ್ತು ಅದು. ಮೊದಲಿಂದ ಏನು ಕಾಯಿದೆ ಐತಿ ಅದ ಕಾಯಿದೆ. ಆಕಿ ಒಯ್ಯಲಿ."

"ಬೇ, ನಾಟಿ ನಡದೈತಿ!"

"ನಾ ಇಳಿತೀನಿ ನಾಟಿಗೆ."

ಇವರು ಏನೋ ಹೇಳಲು ಹೋದರು. ಅವರು ಎಲೆ ಉಗುಳಿ ಎದ್ದು, ಗೂಟದ ಮೇಲಿನ ಹಳೆಯ ಸೀರೆ ತೆಗೆದು ಕಚ್ಚೆ ಕಟ್ಟತೊಡಗಿದರು. ಅಲ್ಲಿಗೆ ಮಾತು ಮುಗಿಯಿತು. ನಾಡಿದ್ದು ಶುಕ್ರವಾರದ ಬಸ್ಸಿಗೆ ಹೊರಡುತ್ತೇನೆ.

ನಿನ್ನೆ ಸಂಜೆ ಗದ್ದೆಯಿಂದ ಬಂದ ಅತ್ತೆಯವರು ಕೆಸರುಗಾಲಲ್ಲೇ ಅಡಿಗೆಮನೆಗೆ ಬಂದರು. ಸೊಂಟದಲ್ಲಿ ಸಿಕ್ಕಿಸಿದ್ದ ಒಂದು ಬಟ್ಟೆಯ ಗಂಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಸಂತೆಯಿಂದ ತಂದ ಹೊಸ ಸೆಲ್ಲುಗಳು. ನನ್ನ ಮಗಳು ಆಡಿ ಗೂಡಿನಲ್ಲಿಟ್ಟಿದ್ದ ಸತ್ತ ಸೆಲ್ಲುಗಳನ್ನು ಟ್ರಾನ್ಸಿಸ್ಟರಿಗೆ ಹಾಕಿ, ಇವನ್ನು ತೆಗೆದಿಟ್ಟುಕೊಂಡಿದ್ದರು.

ಅವರೇ ಹೇಳಿದರು, ನನ್ನ ಕಡೆ ನೋಡದೆ, ಒಲೆಯ ಕಡೆ ನೋಡುತ್ತ. "ಚಾಂದ್‌ಬೀ ಹೇಳ್ಯಾಳ ನಿಮ್ಮವ್ವನ ಕಣ್ಣಿನ ಸುದ್ದಿ. ನಮ್ಮವ್ವಗ ಬ್ಯಾನಿ ಬಂದಾಗ ನಾ ಇಲ್ಲೇ ಜೋಳದ ಹೊಲದಾಗ ಕಳೆ ತಗಿಯಾಕತ್ತಿದ್ದೆ. ಸುಗ್ಗಿ ಮುಗಿಸಿ ಹೋದ್ರಾತು ಅಂದ್ರು. ಸುಗ್ಗಿ ಮುಗೀತು, ಆಕಿನೂ ಮುಗದ್ಲು. ಈಗ ಊರರ ನೋಡೂಣಂದ್ರ ನೀರಾಗ ಎಲ್ಲಿ ಹುಡುಕ್ಲಿ?"

ನಾನು ಅವರ ಕಾಲು ಮುಟ್ಟಿದೆ. ಕೆಸರು ನನ್ನ ಕೈಗೆ ಹತ್ತಿತು. ಇಷ್ಟು ವರ್ಷ ಅವರನ್ನು ಕಲ್ಲು ಅಂದುಕೊಂಡಿದ್ದೆ.

"ಹಿತ್ತಲಾಗ ಆ ತಂತಿಗೆ ನಾ ನೀರು ಹಾಕತೀನಿ, ಚಿಂತಿ ಮಾಡಬ್ಯಾಡ" ಎಂದರು. ಹೊಸ್ತಿಲು ದಾಟಿದವರು ಮತ್ತೆ ತಿರುಗಿ ನಿಂತು, ನನ್ನ ಕೈಯಲ್ಲಿದ್ದ ಸೆಲ್ಲಿನ ಗಂಟನ್ನು ತೋರಿಸಿ, ದನಿ ಇಳಿಸಿ ಹೇಳಿದರು:

"ಅಲ್ಲಿ ಹೋದಮ್ಯಾಲ ಹಾಕು. ಲಗೂನ ಹಾಕಬ್ಯಾಡ."

ಗಿರಿಯಾ